ಸ್ಕ್ರೂ ಮೇಲಿನ ಕೆಂಪು ಚುಕ್ಕೆ

ಗಿರಾಕಿ ಅಂಗಡಿಯ ಕಟ್ಟೆ ಹತ್ತಿ, "ನಾವೇನೂ ಮಾಡಿಲ್ಲರಿ, ತಾನ ಕೆಟ್ಟದ" ಅಂದರೆ ನಂಬಬೇಡಿ. ರಿಪೇರಿ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ನಾನು ಮೊದಲು ಹೇಳುವ ಮಾತು ಇದು. ತಾನೇ ಕೆಟ್ಟ ಯಂತ್ರವನ್ನು ನಾನು ಕಂಡಿದ್ದು ಕಡಿಮೆ. ಯಾರೋ ಬಿಚ್ಚಿರುತ್ತಾರೆ, ಯಾರೋ ನೀರು ಚೆಲ್ಲಿರುತ್ತಾರೆ, ಯಾರೋ ಬೀಗರಿಗೆ ತೋರಿಸಲು ಹೋಗಿ ಕೆಡವಿರುತ್ತಾರೆ. ಆಮೇಲೆ ಎಲ್ಲರೂ ಸೇರಿ ತಪ್ಪನ್ನು ಯಂತ್ರದ ತಲೆಗೆ ಕಟ್ಟುತ್ತಾರೆ, ಅದಕ್ಕೆ ಬಾಯಿ ಇಲ್ಲವಲ್ಲ.

ನಾನು ಶರಣಪ್ಪ. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ, ಟೇಪು, ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡು ಬಾಳಿದವನು. ಈಗ ಕಣ್ಣು ಮಂಜು, ಕೈ ನಡುಗುತ್ತದೆ, ಅಂಗಡಿ ಇದ್ದ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಮಂದಿ ನನ್ನನ್ನು ಸಂಶಯದ ಶರಣಪ್ಪ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆಯುತ್ತಿದ್ದರು, ಆದರೆ ಆಗ ನನ್ನ ಕಿವಿ ಚಲೋ ಇದ್ದವು.

ಈ ಸಂಶಯ ನನ್ನ ಸ್ವಂತ ಗಳಿಕೆಯಲ್ಲ, ಉಸ್ತಾದ್ ಖಾಜಾಸಾಬರಿಂದ ಬಂದದ್ದು. ಎಪ್ಪತ್ತರ ದಶಕದಲ್ಲಿ, ವಾಲ್ವ್ ರೇಡಿಯೋ ಕಾಲದಲ್ಲಿ, ನಾನು ಅವರ ಕೈ ಕೆಳಗೆ ಕಲಿತೆ. ಯಾವ ಸೆಟ್ಟು ಬಂದರೂ ಅವರು ಮೊದಲು ಅದರ ಬೆನ್ನಿಗೆ ಮೂಗು ಹಚ್ಚುತ್ತಿದ್ದರು. "ಮೊದಲ ಮೂಸು, ಆಮ್ಯಾಲ ಬಿಚ್ಚು. ಗಿರಾಕಿ ಸುಳ್ಳು ಹೇಳ್ತಾನ, ವಾಸನಿ ಹೇಳಂಗಿಲ್ಲ" ಅನ್ನುತ್ತಿದ್ದರು. ಒಮ್ಮೆ ಒಬ್ಬ ದೊಡ್ಡ ಸಾಹುಕಾರರು ರೇಡಿಯೋ ಹೊರಿಸಿಕೊಂಡು ಬಂದು, ಯಾರೂ ಮುಟ್ಟಿಲ್ಲ ಎಂದು ಇಷ್ಟಲಿಂಗದ ಮೇಲೆ ಆಣೆ ಇಡಲು ಹೊರಟರು. ಉಸ್ತಾದ್ ಮೂಸಿ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: "ಸಾಹುಕಾರ್ರ, ಮಜ್ಜಿಗಿಗೆ ಒಗ್ಗರಣಿ ಜರಾ ಜಾಸ್ತಿ ಆಗಿತ್ತೇನ್ರಿ?" ಸಾಹುಕಾರರು ಇಷ್ಟಲಿಂಗದಿಂದ ಕೈ ತೆಗೆದು ಮೀಸೆ ಮೇಲೆ ಇಟ್ಟುಕೊಂಡರು.

ಟೇಪು ಬಂತು, ವಿ.ಸಿ.ಆರ್. ಬಂತು, ಹೋದವು. ಅವೆಲ್ಲ ಮುಟ್ಟಿ ಓದುವ ಯಂತ್ರಗಳು. ಟೇಪು ಹೆಡ್ಡಿಗೆ ಉಜ್ಜಿಕೊಂಡು ಹೋಗುತ್ತಿತ್ತು, ಸವೆದದ್ದು ಕಣ್ಣಿಗೆ ಕಾಣುತ್ತಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆ ಡಿಸ್ಕ್ ಹಾಕುವ ವಿಡಿಯೋ ಗೇಮಿನ ಡಬ್ಬಿಗಳು ಬಂದವು. ಅದಕ್ಕೂ ಮುಂಚೆ ಕ್ಯಾಸೆಟ್ ಊದಿ ಊದಿ ಹಾಕುವ ಗೇಮು ಇತ್ತು, ಅದು ಸುಲಭದ್ದು. ಈ ಹೊಸ ಬೂದುಬಣ್ಣದ ಡಬ್ಬಿ ಹಾಗಲ್ಲ. ಒಳಗೊಂದು ಗಾಜಿನ ಕಣ್ಣು, ಮೆಣಸಿನ ಕಾಳಿನಷ್ಟು. ಅದು ಕಾಣದ ಬೆಳಕು ಬಿಡುತ್ತದೆ, ಆ ಬೆಳಕು ಡಿಸ್ಕಿಗೆ ಬಡಿದು ವಾಪಸು ಬಂದದ್ದನ್ನು ಓದುತ್ತದೆ. ಮುಟ್ಟುವುದಿಲ್ಲ, ಸದ್ದಿಲ್ಲ. ಹೀಗೆ ಕಣ್ಣಿಗೆ ಕಾಣದಂತೆ ಕೆಲಸ ಮಾಡುವ ಯಂತ್ರದ ಮೇಲೆ ನನಗೆ ಮೊದಲ ದಿನದಿಂದಲೇ ವಿಶ್ವಾಸ ಹುಟ್ಟಲಿಲ್ಲ.

ಆಳಂದದಲ್ಲಿ ತಾಸಿಗಿಷ್ಟು ಎಂದು ದುಡ್ಡು ತಗೊಂಡು ಆಡಿಸಲು ಮೊದಲ ಡಬ್ಬಿ ಇಟ್ಟವನು ಹಿರೋಳ್ಳಿಯ ಕಲ್ಲಪ್ಪ. ಗಡಿ ಊರಿನವನು, ಸೊಲ್ಲಾಪುರಕ್ಕೆ ಹೋಗಿ ಬರುವುದು ಅವನಿಗೆ ಹಿತ್ತಲಿಗೆ ಹೋಗಿ ಬಂದಷ್ಟೇ ಸಲೀಸು. ಅವನು ತಂದ ಡಿಸ್ಕುಗಳಲ್ಲಿ ಕೆಲವು ಬೆಳ್ಳಗೆ ಹೊಳೆಯುತ್ತಿದ್ದವು, ಕೆಲವಕ್ಕೆ ತಳ ಕಡುಗಪ್ಪು. ನಾನು ಕಪ್ಪು ಡಿಸ್ಕನ್ನು ತಿರುಗಿಸಿ ಮುರುಗಿಸಿ ನೋಡಿ, "ಕಲ್ಲಪ್ಪ, ಇವು ಡುಪ್ಲಿಕೇಟು. ಅಸಲಿ ಮಾಲಿಗೆ ಯಾರಾದ್ರೂ ಮಸಿ ಬಳೀತಾರೇನು?" ಅಂದೆ. ಅವನು ಸೊಲ್ಲಾಪುರಕ್ಕೆ ಹೋಗಿ ಜಗಳ ತೆಗೆದು ಕಪ್ಪನ್ನೆಲ್ಲ ಕೊಟ್ಟು ಬಿಳಿಯವನ್ನು ತಂದ. ಅಂಗಡಿಯವನು ಖುಷಿಯಿಂದ ಬದಲಾಯಿಸಿ ಕೊಟ್ಟನಂತೆ. ಅಲ್ಲೇ ನನಗೆ ಗುಮಾನಿ ಬರಬೇಕಿತ್ತು. ಕಪ್ಪು ತಳದವೇ ಕಂಪನಿಯ ಅಸಲಿ ಡಿಸ್ಕು, ಬಿಳಿಯವು ಕಾಪಿ ಎಂದು ಮುಂದೆ ತಿಳಿಯಿತು. ಕಲ್ಲಪ್ಪ ಸಾಯುವ ತನಕ ನನ್ನ ಅಂಗಡಿಯ ಮುಂದೆ ಹಾಯುವಾಗ "ಕರಿದು ಅಸಲಿರಿ, ಮಿಸ್ತ್ರಿ" ಎಂದು ಕೂಗಿಯೇ ಹೋಗುತ್ತಿದ್ದ.

ಅದೇ ಕಲ್ಲಪ್ಪನ ಡಬ್ಬಿ ಒಂದು ದಿನ ಓದುವುದು ಬಿಟ್ಟಿತು. ಯಾರೋ ಕೆಡವಿದ್ದಾರೆ ಎಂದು ನನಗೆ ಖಾತ್ರಿ. ನಾನು ಹೋದಾಗ ಡಬ್ಬಿ ಮಕಾಡೆ ಮಲಗಿತ್ತು, ಟಿ.ವಿ.ಯಲ್ಲಿ ಆಟ ಓಡುತ್ತಿತ್ತು. ಅಂಗಾತ ಇಟ್ಟರೆ ಓದುವುದಿಲ್ಲ, ಮಕಾಡೆ ಹಾಕಿದರೆ ಓದುತ್ತದೆ. "ಇದ್ಯಾವ ದೆವ್ವದ ಆಟನೋ" ಅಂದೆ. ಬಿಚ್ಚಿ ನೋಡಿದರೆ ಆ ಕಣ್ಣು ಹಿಂದೆ ಮುಂದೆ ಜಾರುವ ಹಳಿ ಪ್ಲಾಸ್ಟಿಕಿನದು. ಸವೆದು ಒಂದು ಕಡೆ ವಾಲಿತ್ತು, ತಲೆಕೆಳಗಾದಾಗ ಭಾರ ಆಚೆ ಬಿದ್ದು ನೆಟ್ಟಗಾಗುತ್ತಿತ್ತು. ತಾನೇ ಕೆಟ್ಟ ಯಂತ್ರಗಳ ಕಡಿಮೆ ಲೆಕ್ಕದಲ್ಲಿ ಇದೊಂದು ಸೇರಿಸಿಕೊಳ್ಳಿ.

ಗೀರುಗಳ ವಿಷಯ ಹೇಳುತ್ತೇನೆ. ಡಿಸ್ಕಿನ ಹೊಳೆಯುವ ಕಡೆ ಗೀರು ಬಿದ್ದರೆ ಎಲ್ಲರೂ ಬಾಯಿ ಬಡಿದುಕೊಳ್ಳುತ್ತಾರೆ. ಅಷ್ಟು ಹೆದರಬೇಕಿಲ್ಲ. ಆ ಕಡೆ ದಪ್ಪ ಪ್ಲಾಸ್ಟಿಕ್ ಇದೆ, ಯಂತ್ರ ಗೀರಿನ ಆಚೆಗೆ ನೋಡುತ್ತದೆ. ನಡುವಿನಿಂದ ಅಂಚಿನ ಕಡೆಗೆ ನೆಟ್ಟಗೆ ಬಿದ್ದ ಗೀರಾದರೆ ದಾಟಿಕೊಂಡು ಹೋಗುತ್ತದೆ, ತಪ್ಪಿದ ಅಕ್ಷರವನ್ನು ಅಕ್ಕಪಕ್ಕದ ಅಕ್ಷರ ನೋಡಿ ಊಹಿಸಿಕೊಳ್ಳುತ್ತದೆ. ಗಾಣದ ಎತ್ತಿನ ದಾರಿಯಂತೆ ಸುತ್ತಲೂ ಬಿದ್ದ ಗೀರೇ ಕೆಟ್ಟದ್ದು, ಒಂದು ಸಾಲಿಗೆ ಸಾಲೇ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮೇಲ್ಭಾಗದ, ಅಂದರೆ ಚಿತ್ರ ಅಚ್ಚಾದ ಕಡೆಯ ಗೀರು. ಆಟ ಬರೆದ ಬೆಳ್ಳಿಯಂಥ ಪದರ ಇರುವುದು ಆ ಬಣ್ಣದ ಕೆಳಗೇ. ಅದನ್ನು ಕೆರೆದರೆ ಮುಗಿಯಿತು.

ಇದು ಅಫಜಲಪುರದ ಸಿದ್ದಣ್ಣನಿಗೆ ಗೊತ್ತಿರಲಿಲ್ಲ. ಅವನೂ ಗೇಮಿನ ಅಂಗಡಿ ಇಟ್ಟಿದ್ದ, ನನಗಿಂತ ಒಂದು ಕೈ ಮೇಲಿನ ಸಂಶಯದವನು. ಆಡಲು ಬಂದವರು ತನ್ನ ಚಲೋ ಡಿಸ್ಕ್ ಒಯ್ದು ಗೀರಿನ ಡಿಸ್ಕ್ ಇಟ್ಟು ಹೋಗುತ್ತಾರೆಂದು ಅವನ ಚಿಂತೆ. ನಮ್ಮ ಕಡೆ ಮದುವೆಗೆ ಕೊಡುವ ಸ್ಟೀಲಿನ ಭಾಂಡೆಗಳ ಮೇಲೆ ಹೆಸರು ಕೆತ್ತಿಸುತ್ತಾರಲ್ಲ, ಹಾಗೆ ಅವನು ಡಿಸ್ಕುಗಳನ್ನೆಲ್ಲ ಭಾಂಡೆ ಅಂಗಡಿಗೆ ಒಯ್ದು ಕರೆಂಟಿನ ಸೂಜಿಯಿಂದ ಹೆಸರು ಹಾಕಿಸಿಕೊಂಡು ಬಂದ. ಹೊಳೆಯುವ ಕಡೆ ನಾಜೂಕು ಎಂದು ತಿಳಿದು ಹುಷಾರಿಯಿಂದ ಮೇಲ್ಭಾಗದಲ್ಲೇ ಕೆತ್ತಿಸಿದ್ದ.

"ಒಂದೂ ಓದವಲ್ದುರಿ. ಮಷೀನ್ ಕೆಟ್ಟದ" ಎಂದು ನನ್ನನ್ನು ಕರೆಸಿದ.

ನಾನು ಒಂದು ಡಿಸ್ಕ್ ತೆಗೆದು ಬಿಸಿಲಿಗೆ ಹಿಡಿದೆ. ಅವನ ಹೆಸರು, ಅವನ ಅಪ್ಪನ ಹೆಸರು, ಊರು, ಚುಕ್ಕೆ ಚುಕ್ಕೆ ಬೆಳಕಾಗಿ ಈಚೆ ಕಂಡವು. ಸಿದ್ದಣ್ಣ ಬಗ್ಗಿ ನೋಡಿದ. "ಅಕ್ಷರ ಚಲೋ ಹಾಕ್ಯಾನ್ರಿ" ಅಂದ. ಈಗ ಆ ಡಿಸ್ಕನ್ನು ಯಾರೂ ಕದಿಯುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ.

ಇನ್ನು ಕಾಪಿ ಡಿಸ್ಕು. ಕಂಪನಿಯ ಡಿಸ್ಕು ನಮ್ಮ ಕಣ್ಣಿಗೆ ಕಪ್ಪು ಕಂಡರೂ ಆ ಕಾಣದ ಬೆಳಕಿಗೆ ಕನ್ನಡಿ ಇದ್ದಂತೆ, ಬಿದ್ದ ಬೆಳಕನ್ನು ಪೂರಾ ವಾಪಸು ಕೊಡುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಸುಟ್ಟು ಬರೆದ ಕಾಪಿಯ ಬಿಳಿ ತಳಕ್ಕೆ ತೆಳ್ಳಗೆ ಹಸಿರೋ ನೀಲಿಯೋ ಬಣ್ಣದ ಲೇಪ ಇರುತ್ತದೆ, ಅದು ಬೆಳಕನ್ನು ಅರ್ಧ ನುಂಗುತ್ತದೆ. ಯಂತ್ರದ ಕಣ್ಣು ಚುರುಕಿದ್ದಾಗ ಎರಡನ್ನೂ ಓದುತ್ತದೆ, ಮಂಜಾದಾಗ ಮೊದಲು ಕೈ ಬಿಡುವುದು ಕಾಪಿಯನ್ನು. ಈ ಕಣ್ಣಿರುವ ಭಾಗಕ್ಕೆ ನಾವು ಹೆಡ್ ಅನ್ನುತ್ತೇವೆ. ಅದರ ಪಕ್ಕ ಬೆಳಕು ಹೆಚ್ಚು ಕಡಿಮೆ ಮಾಡುವ ಪುಟ್ಟ ತಿರುಪು ಒಂದಿದೆ, ಪ್ರಿಸೆಟ್ ಅಂತ. ಕೆಲವು ಮಿಸ್ತ್ರಿಗಳು ಅದನ್ನು ಒಂದಿಷ್ಟು ತಿರುವಿ, ಕಾಪಿ ಓದಿತು ಅಂತ ತೋರಿಸಿ, ಗಿರಾಕಿಯನ್ನು ಕಳಿಸಿಬಿಡುತ್ತಿದ್ದರು. ಮುದಿ ಎತ್ತಿಗೆ ಬಾರುಕೋಲಿನಿಂದ ಹೊಡೆದು ಓಡಿಸಿದಂತೆ ಅದು. ನಾಲ್ಕು ದಿನ ಓಡಿ ಹೆಡ್ ಸತ್ತೇ ಹೋಗುತ್ತಿತ್ತು, ಆಗ ಆ ಮಿಸ್ತ್ರಿಗಳು "ಇದನ್ನ ಶರಣಪ್ಪ ಬಿಚ್ಚಿದ್ದ" ಅನ್ನುತ್ತಿದ್ದರು.

ಅದಕ್ಕೇ ನಾನು ಗುರುತು ಹಾಕಲು ಶುರು ಮಾಡಿದೆ. ರಿಪೇರಿ ಮುಗಿದ ಮೇಲೆ ಪ್ರಿಸೆಟ್ಟಿನ ಮೇಲೆ ಒಂದು, ಹೆಡ್ಡಿನ ಸ್ಕ್ರೂ ಮೇಲೆ ಒಂದು, ಕೆಂಪು ಉಗುರು ಬಣ್ಣದ ಚುಕ್ಕೆ. ಅರ್ಧ ಸ್ಕ್ರೂ ಮೇಲೆ, ಅರ್ಧ ಪಕ್ಕದ ತಗಡಿನ ಮೇಲೆ. ಯಾರು ತಿರುವಿದರೂ ಚುಕ್ಕೆ ಸೀಳಬೇಕು. ಬಳೆ ಅಂಗಡಿಯಲ್ಲಿ ಶೀಶೆ ಕೊಳ್ಳುವಾಗ ಆದ ನಾಚಿಕೆಗಿಂತ ಮನೆಯಲ್ಲಿ ಆದದ್ದೇ ದೊಡ್ಡದು. ಜೇವರ್ಗಿಗೆ ಹೊರಟ ದಿನ ನನ್ನ ಹೆಂಡತಿ ಗಂಗಮ್ಮ ಚೀಲದಲ್ಲಿ ಶೀಶೆ ಕಂಡಳು.

"ಏನ್ರಿ, ಇದು ಯಾರಿಗಿ?"

"ಸ್ಕ್ರೂಗ ಹಚ್ಚಾಕ."

"ಹೌದಾ? ಆ ಸ್ಕ್ರೂ ಇರೋದು ಅಫಜಲಪುರದಾಗೋ, ಜೇವರ್ಗಿದಾಗೋ?"

ಅಂಗಡಿಗೆ ಕರೆದೊಯ್ದು ಒಂದು ಡಬ್ಬಿ ಬಿಚ್ಚಿ ತೋರಿಸಿದ ಮೇಲೆ ನಂಬಿದಳು. ಪೂರಾ ನಂಬಲಿಲ್ಲ. ನಾನು ಊರಿಂದ ಬಂದಾಗಲೆಲ್ಲ ಶೀಶೆಯನ್ನು ಬೆಳಕಿಗೆ ಹಿಡಿದು ಎಷ್ಟು ಖಾಲಿಯಾಗಿದೆ ಎಂದು ನೋಡುತ್ತಿದ್ದಳು. ಮಂದಿಯನ್ನು ಅನುಮಾನಿಸುವವನಿಗೆ ಇಂಥ ಹೆಂಡತಿಯೇ ಸರಿ ಎಂದು ನಮ್ಮ ಉಸ್ತಾದ್ ನಕ್ಕಿದ್ದರು.

ಆ ಕೆಂಪು ಚುಕ್ಕೆ ಒಬ್ಬ ಮನುಷ್ಯನ ಮಾನದ ಪ್ರಶ್ನೆಯಾಗಿ ನಿಂತದ್ದು ಜೇವರ್ಗಿಯಲ್ಲಿ. ಅಲ್ಲಿ ಮಹಾದೇವಿ ಎಂಬ ಹೆಣ್ಣುಮಗಳು ಗಂಡ ತೀರಿದ ಮೇಲೆ ಗೇಮಿನ ಅಂಗಡಿ ನಡೆಸುತ್ತಿದ್ದಳು. ಜೊತೆಗೆ ಮೈದುನ ಸಂಗಪ್ಪ. ಡಬ್ಬಿ ಕೊಡಿಸಿದವರು ಅವಳ ತಂದೆ, ಕೊಳಕೂರದ ಗೌಡರು. ಸಂಗಪ್ಪನಿಗೆ ನೆಲೋಗಿಯ ಹೆಣ್ಣು ನಿಶ್ಚಯವಾಗಿತ್ತು. ಅಷ್ಟರಲ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ನನಗೆ ಹೇಳಿಕೆ ಬಂತು, ಗೌಡರು ಕರೆಯುತ್ತಿದ್ದಾರೆ, ಎಲ್ಲ ಬಿಟ್ಟು ಬರಬೇಕು ಎಂದು.

ಹೋದೆ. ಅಂಗಡಿಯಲ್ಲಿ ಆಟ ನಿಲ್ಲಿಸಿದ್ದರು. ಗೌಡರು ಕುರ್ಚಿಯಲ್ಲಿ, ಪಕ್ಕದಲ್ಲಿ ನೆಲೋಗಿಯಿಂದ ಬಂದ ಹೆಣ್ಣಿನ ಸೋದರಮಾವ. ಮಹಾದೇವಿ ಬಾಗಿಲಲ್ಲಿ ನಿಂತಿದ್ದಳು. ಸಂಗಪ್ಪ ಗೋಡೆಗೆ ಆನಿಕೊಂಡು ನೆಲ ನೋಡುತ್ತಿದ್ದ.

"ಶರಣಪ್ಪ," ಗೌಡರು ಅಂದರು, "ಈ ಡಬ್ಬಿ ನಿನ್ನ ಕೈಯಾಗ ಹೋಗಿ ಬಂದದ್ದು. ಒಳಗಿನ ಹೆಡ್ ಮೊದಲಿಂದೇ ಅದನೋ, ಬದಲಿ ಆಗ್ಯಾದೋ ಹೇಳು. ನಮ್ಮ ಮುಖ ನೋಡಿ ಹೇಳಬ್ಯಾಡ, ಇದ್ದದ್ದು ಹೇಳು."

ಮಹಾದೇವಿ ಮುಂದೆ ಬಂದಳು. "ದೀಪಾವಳಿ ತನಕ ಕಾಪಿ ಡಿಸ್ಕ್ ಹಾಕಿದ್ರ ಗಪ್ಪನೆ ಓದತಿತ್ತರಿ, ಅಣ್ಣಾರ. ಈಗ ಕಂಪನಿ ಡಿಸ್ಕ್ ಅಷ್ಟೇ ಓದತದ. ಚಲೋ ಹೆಡ್ ತೆಗೆದು ಹಳೇದು ಕೂಡಿಸಿದ್ದಿಲ್ಲಂದ್ರ ಹಿಂಗ್ಯಾಕ ಆಗ್ತದ? ಕೀಲಿ ನನ್ನ ಹತ್ರ ಒಂದು, ಇವನ ಹತ್ರ ಒಂದು. ಮೂರನೇದಾವರು ಯಾರೂ ಇಲ್ಲ."

"ವೈನಿ, ನಾ ಮುಟ್ಟಿಲ್ಲರಿ" ಎಂದು ಸಂಗಪ್ಪ ಅತ್ತಿಗೆಗೆ ಅಂದ. ಎಷ್ಟೋ ಸಲ ಹೇಳಿ ಸೋತವನ ದನಿ. ಕಳ್ಳತನ ಖರೆ ಅಂತಾದರೆ ಅವನಿಗೆ ಮನೆಯೂ ಇಲ್ಲ, ನೆಲೋಗಿಯ ಹೆಣ್ಣೂ ಇಲ್ಲ. ಸೋದರಮಾವ ಬಂದು ಕೂತದ್ದೇ ಅದಕ್ಕೆ.

ನಿಜ ಹೇಳಬೇಕೆಂದರೆ ನನಗೂ ಅವನ ಮೇಲೆ ಸಂಶಯ ಇತ್ತು. ಹಿಂದಿನ ವಾರವಷ್ಟೇ ಅಫಜಲಪುರದ ಸಿದ್ದಣ್ಣ, "ಹೆಡ್ ನೀವು ತರೋದು ಬ್ಯಾಡ್ರಿ, ಗುರ್ತಿನವರು ಒಬ್ಬರು ಕೊಟ್ಟಾರ" ಅಂದಿದ್ದ. ಯಾರೆಂದರೆ ಮಾತು ತೇಲಿಸಿದ್ದ. ಸಿದ್ದಣ್ಣ, ಸಂಗಪ್ಪ ಇಬ್ಬರೂ ಗೆಳೆಯರು. ಲೆಕ್ಕ ಸರಿಯಾಗಿ ಕೂಡುತ್ತಿತ್ತು. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಲೆಕ್ಕ ಇಷ್ಟು ಸರಿಯಾಗಿ ಕೂಡಿದಾಗ ನನಗೆ ಲೆಕ್ಕದ ಮೇಲೆಯೇ ಗುಮಾನಿ ಬರುತ್ತದೆ.

ಮೊದಲು ಮೂಸಿದೆ. ಏನೋ ಪರಿಚಯದ ವಾಸನೆ, ಆದರೆ ಅಂಗಡಿಯ ತುಂಬ ಅದೇ ವಾಸನೆ ಇದ್ದುದರಿಂದ ಮನಸ್ಸಿಗೆ ಹತ್ತಲಿಲ್ಲ. ಬಿಚ್ಚಿದೆ. ಹೆಡ್ಡಿನ ಸ್ಕ್ರೂ ಮೇಲಿನ ಕೆಂಪು ಚುಕ್ಕೆ ಹಾಕಿದ ಹಾಗೇ ಇತ್ತು. ಪ್ರಿಸೆಟ್ಟಿನ ಮೇಲಿನದೂ ಸೀಳಿರಲಿಲ್ಲ. "ಗೌಡ್ರ, ಹೆಡ್ ಮೊದಲಿಂದೇ ಅದ. ಇದು ನಾ ಹಾಕಿದ ಗುರುತು" ಅಂದೆ.

"ಕೆಂಪು ಬಣ್ಣ ಯಾರ ಬೇಕಾದ್ರೂ ಹಚ್ಚಬಹುದಲ್ಲರಿ" ಅಂದಳು ಮಹಾದೇವಿ.

ನನಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. "ತಂಗಿ, ಹಸಿ ಇದ್ದಾಗ ಅದರ ಮ್ಯಾಲ ಸೂಜಿಲಿಂದ ಅಡ್ಡ ಗೆರಿ ಎಳದಿರ್ತೇನಿ. ಇದು ಈ ಹೊತ್ತಿನ ತನಕ ನನ್ನ ಹೆಂಡತಿಗೂ ಹೇಳಿದ್ದಿಲ್ಲ" ಎಂದು ಭೂತಗನ್ನಡಿ ಅವಳ ಕೈಗೆ ಕೊಟ್ಟೆ. ಅವಳು ಬಗ್ಗಿ ನೋಡಿದಳು. ಗೌಡರು ನೋಡಿದರು. ಸೋದರಮಾವನೂ ಎದ್ದು ಬಂದು ನೋಡಿದ. ಸಂಗಪ್ಪ ಮಾತ್ರ ಬರಲಿಲ್ಲ.

"ಹಂಗಾದ್ರ ಓದವಲ್ದು ಯಾಕ?" ಗೌಡರು ಕೇಳಿದರು.

ಹತ್ತಿಗೆ ಸ್ಪಿರಿಟ್ ಹಚ್ಚಿ ಆ ಗಾಜಿನ ಕಣ್ಣನ್ನು ಮೆಲ್ಲಗೆ ಒರೆಸಿದೆ. ಹತ್ತಿ ಹಳದಿಗಟ್ಟಿ ಬಂತು, ಬೀಡಿ ಸೇದುವವನ ಬೆರಳಿನ ಬಣ್ಣ. ಮೂಗಿಗೆ ಹಿಡಿದೆ. ಲೋಬಾನದ ಧೂಪ. ಅಂಗಡಿಯ ತುಂಬ ಇದ್ದ ಅದೇ ವಾಸನೆ, ಆದರೆ ಡಬ್ಬಿಯ ಒಳಗೆ, ಮುಚ್ಚಳದ ಕೆಳಗೆ ಅದಕ್ಕೇನು ಕೆಲಸ?

"ಇದರ ಒಳಗ ಊದಿನ ಹೊಗಿ ಯಾರು ಹಾಕ್ತೀರಿ?" ಅಂದೆ.

ಸಂಗಪ್ಪ ಮೊದಲ ಸಲ ತಲೆ ಎತ್ತಿ ವೈನಿಯನ್ನು ನೋಡಿದ, ಮತ್ತೆ ತಗ್ಗಿಸಿದ. ಅವನಿಗೆ ಗೊತ್ತಿತ್ತು, ಹೇಳಲಿಲ್ಲ.

"ನಾನ ಹಾಕ್ತೇನ್ರಿ" ಅಂದಳು ಮಹಾದೇವಿ. "ಎದುರಿಗೆ ಇನ್ನೊಂದು ಅಂಗಡಿ ಆದ ಮ್ಯಾಲ ಅಲ್ಲಿಯ ಮಂದಿ ಬಂದು ಡಬ್ಬಿ ನೋಡಿ ನೋಡಿ ಹೋಗಾಕತ್ತಿದ್ರು. ದೃಷ್ಟಿ ಆಗಬಾರದಂತ ದಿನಾ ದೀಪ ಹಚ್ಚೋ ಹೊತ್ತಿಗಿ ಮುಚ್ಚಳ ತೆಗೆದು ಊದ ಹಾಕ್ತೇನಿ. ಕಣ್ಣು ಒಳಗ ಅದ ಅಲ್ಲರಿ, ದೃಷ್ಟಿ ತಾಗೋದು ಕಣ್ಣಿಗೇ ಹೌದಿಲ್ಲರಿ?"

ನಾನು ಡಬ್ಬಿ ಮುಚ್ಚಿ ಒಂದು ಕಾಪಿ ಡಿಸ್ಕ್ ಹಾಕಿದೆ. ತಿರುಗುವ ಸದ್ದು ಬಂತು. ಪರದೆ ಕಪ್ಪಗೇ ಇತ್ತು. ಎಲ್ಲರೂ ಅದನ್ನೇ ನೋಡುತ್ತ ಕೂತೆವು. ಆಮೇಲೆ ಆಟದ ಹಾಡು ಶುರುವಾಯಿತು. ನೆಲೋಗಿಯ ಸೋದರಮಾವ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, "ಚಹಾ ತರಸ್ರಿ, ಗೌಡ್ರ" ಅಂದ. ಸಂಬಂಧ ಉಳಿಯಿತು ಎಂದು ಅದರ ಅರ್ಥ. ಮಹಾದೇವಿ ಸೆರಗಿನಿಂದ ಡಬ್ಬಿಯ ಮೇಲಿನ ಧೂಳು ಒರೆಸುತ್ತ ನಿಂತಳು. ಇಲ್ಲದ ಧೂಳು. ಮೈದುನನಿಗೆ ಒಂದು ಮಾತು ಆಡಲಿ ಎಂದು ನಾನು ಕಾದೆ. ಆಡಲಿಲ್ಲ. ಆಡಲು ಬಾಯಿ ಬರಲಿಲ್ಲ ಎಂದೇ ಈಗಲೂ ತಿಳಿದಿದ್ದೇನೆ.

ಸಿದ್ದಣ್ಣನಿಗೆ ಹೆಡ್ ಕೊಟ್ಟ ಆ ಗುರ್ತಿನವರು ನಮ್ಮ ಕಲ್ಲಪ್ಪನೇ ಎಂದು ಆಮೇಲೆ ಗೊತ್ತಾಯಿತು. ಸೊಲ್ಲಾಪುರದಿಂದ ತಂದು ನನ್ನನ್ನು ಬಿಟ್ಟು ತಾವೇ ವ್ಯವಹಾರ ಮಾಡಿಕೊಂಡಿದ್ದರು. ಅಂದರೆ ನನ್ನ ಸಂಶಯ ಸುಳ್ಳಾಗಿರಲಿಲ್ಲ, ಆಸಾಮಿ ಬೇರೆ ಅಷ್ಟೇ.

ಸಂಗಪ್ಪ ನನ್ನ ಚೀಲ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಬಹಳ ಉಪಕಾರ ಆತ್ರಿ ಎನ್ನುತ್ತಾನೆ ಎಂದುಕೊಂಡಿದ್ದೆ. ಬಸ್ಸು ಬಂದು ನಾನು ಸೀಟಿನಲ್ಲಿ ಕೂತ ಮೇಲೆ ಕೇಳಿದ: "ಮಿಸ್ತ್ರಿ ಕಾಕಾ, ಆ ಗುರುತು ಯಾರ ಮ್ಯಾಲಿನ ಸಂಶಯಕ್ಕ ಹಾಕಿದ್ರಿ?"

"ಎಲ್ಲಾರ ಮ್ಯಾಲಪ್ಪ."

"ನನ್ನ ಮ್ಯಾಲೂ?"

ಸುಳ್ಳು ಹೇಳಬಹುದಿತ್ತು. "ನಿನ್ನ ಮ್ಯಾಲೂ" ಅಂದೆ. ಅವನು ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಕೈ ಮುಗಿದು ಹೋದ.

ಮದುವೆಯಾಯಿತು. ಅವನು ವೈನಿಯ ಅಂಗಡಿಗೆ ಮರಳಲಿಲ್ಲ, ನೆಲೋಗಿಯಲ್ಲಿ ಮಾವನ ಮನೆಯ ಪಡಸಾಲೆಯಲ್ಲಿ ತನ್ನದೇ ಒಂದು ಡಬ್ಬಿ ಇಟ್ಟ. ಮರುವರ್ಷ ಅದು ಓದುವುದು ಬಿಟ್ಟಾಗ ಬಟ್ಟೆಯಲ್ಲಿ ಸುತ್ತಿಕೊಂಡು ಆಳಂದಕ್ಕೆ ಬಂದ. ಜೇವರ್ಗಿ, ಗುಲ್ಬರ್ಗಾ ದಾಟಿ, ದಾರಿಯಲ್ಲಿ ಸಿಗುವ ಮಿಸ್ತ್ರಿಗಳನ್ನೆಲ್ಲ ಬಿಟ್ಟು ನನ್ನ ಹತ್ತಿರ ಬಂದನಲ್ಲ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು. ಚಹಾ ತರಿಸಿದೆ. ಡಬ್ಬಿಯನ್ನು ಮಗುಚಿ ಸ್ಕ್ರೂಡ್ರೈವರ್ ಹಚ್ಚಲು ಹೋದೆ.

ಪ್ರತಿ ಸ್ಕ್ರೂ ಮೇಲೂ ಒಂದೊಂದು ಹಸಿರು ಚುಕ್ಕೆ ಇತ್ತು. ಅರ್ಧ ಸ್ಕ್ರೂ ಮೇಲೆ, ಅರ್ಧ ಪಕ್ಕಕ್ಕೆ. ಭೂತಗನ್ನಡಿ ಹಿಡಿದು ನೋಡಿದೆ. ನಡುವೆ ಸೂಜಿಯ ಅಡ್ಡ ಗೆರೆ.

ಮುಖ ಎತ್ತಿ ನೋಡಿದೆ. ಅವನು ಚಹಾ ಮುಟ್ಟಿರಲಿಲ್ಲ. ಸ್ಟೂಲು ಹತ್ತಿರ ಎಳೆದುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದ.

"ಬಿಚ್ಚಲೇನಪ್ಪ?" ಅಂದೆ.

"ಬಿಚ್ಚರಿ, ಕಾಕಾ. ನಾ ಇಲ್ಲೇ ಕೂಡ್ತೇನಿ."

ಉಸ್ತಾದ್ ಇನ್ನೂ ಬದುಕಿದ್ದಿದ್ದರೆ ಭಲೇ ಅನ್ನುತ್ತಿದ್ದರು. ಕೆಲಸ ಕಲಿಸಿದರೆ ಹೀಗೆ ಕಲಿಸಬೇಕು ಅನ್ನುತ್ತಿದ್ದರು. ನಾನು ಸ್ಕ್ರೂಡ್ರೈವರಿನ ತುದಿಯನ್ನು ಅಂಗಿಗೆ ಒರೆಸಿಕೊಂಡೆ. ಒಂದೊಂದೇ ಹಸಿರು ಚುಕ್ಕೆ ಸೀಳಿ ಡಬ್ಬಿ ಬಿಚ್ಚಿದೆ, ಹಳಿಗೆ ಎಣ್ಣೆ ಬಿಟ್ಟೆ, ಕಣ್ಣು ಒರೆಸಿದೆ, ಮುಚ್ಚಿದೆ. ನನ್ನ ಕೆಂಪು ಶೀಶೆಯನ್ನು ತೆಗೆಯಲು ಕೈ ಹೋಯಿತು, ತೆಗೆಯಲಿಲ್ಲ. ಅಷ್ಟರಲ್ಲಿ ಅವನೇ ಜೇಬಿನಿಂದ ತನ್ನ ಹಸಿರು ಶೀಶೆ ತೆಗೆದು, ಎಲ್ಲ ಸ್ಕ್ರೂಗಳಿಗೂ ಹೊಸ ಚುಕ್ಕೆ ಇಟ್ಟು, ಸೂಜಿಯಿಂದ ಗೆರೆ ಎಳೆದು, ಬಗ್ಗಿ ಊದಿ ಊದಿ ಒಣಗಿಸಿದ. ಒಣಗುವ ತನಕ ನಾನು ಡಬ್ಬಿಯನ್ನು ಅಲುಗದಂತೆ ಹಿಡಿದುಕೊಂಡು ಕೂತೆ.